ಮೊಗ್ಗಿಗಾಗಿ ಒಂದು ‘ಆಗಲ್ಲ’

ಎಲ್ಲದಕ್ಕೂ ಕಾರಣ ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ಮೊಗ್ಗು. ಹಿಂದಿನ ದಿನದವರೆಗೂ ಅದು ಮುನಿಸಿಕೊಂಡ ಮಗುವಿನ ತುಟಿಯ ಹಾಗೆ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅಂದು ಬೆಳಿಗ್ಗೆ ನೋಡಿದರೆ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಲಿಫ್ಟ್ ಕಂಪನಿಯ ದೂರು ವಿಭಾಗದ ಹಿರಿಯ ಗುಮಾಸ್ತರು ಊಟದ ಡಬ್ಬಿಯನ್ನು ಕಂಕುಳಲ್ಲೇ ಇಟ್ಟುಕೊಂಡು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಬಿರುಕು ನಿಜವಾಗಿಯೂ ಇತ್ತು. ಒಳಗಿನಿಂದ ತಿಳಿನೇರಳೆ ಬಣ್ಣ ಇಣುಕುತ್ತಿತ್ತು.

ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆಫೀಸಿನಲ್ಲಿ ಮಾತ್ರ ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಅವರನ್ನು ಸರಿಸಾರ್ ಎನ್ನುತ್ತಿದ್ದರು. ಯಾರು ಏನು ಹೇಳಿದರೂ ಅವರ ಬಾಯಿಂದ ಬರುತ್ತಿದ್ದದ್ದು ‘ಸರಿ ಸಾರ್’ ಒಂದೇ. ಭಾನುವಾರವೂ ಬನ್ನಿ ಎಂದರೆ ಸರಿ ಸಾರ್, ನಿಮ್ಮ ಕುರ್ಚಿ ಬೇರೆಯವರಿಗೆ ಬೇಕು ಎಂದರೆ ಸರಿ ಸಾರ್. ಒಮ್ಮೆ ಯಾರೋ ತಪ್ಪು ನಂಬರಿಗೆ ಫೋನು ಮಾಡಿ ಹತ್ತು ಮೂಟೆ ಸಿಮೆಂಟು ಕಳಿಸಿ ಎಂದಾಗಲೂ ಸರಿ ಸಾರ್ ಎಂದುಬಿಟ್ಟು, ಅದನ್ನು ಎಲ್ಲಿಂದ ತಂದು ಹೇಗೆ ಕಳಿಸುವುದೆಂದು ತಿಳಿಯದೆ ಮಧ್ಯಾಹ್ನವೆಲ್ಲ ಒದ್ದಾಡಿದ್ದರು.

ಅವರ ಕೆಲಸಕ್ಕೆ ಈ ಗುಣ ಚೆನ್ನಾಗಿ ಹೊಂದುತ್ತಿತ್ತು. ಊರಿನಲ್ಲಿ ಯಾರಾದರೂ ಕಂಪನಿಯ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡು ಕೆಂಪು ಗುಂಡಿ ಒತ್ತಿದರೆ ಸರಿಸಾರ್ ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತಿತ್ತು. ಮೆಕ್ಯಾನಿಕ್ ಹೋಗಿ ಬಾಗಿಲು ಬಿಡಿಸುವವರೆಗೆ ಅವರು ಒಳಗಿದ್ದವರ ಜೊತೆ ಮಾತಾಡುತ್ತಾ ಇರಬೇಕು. ಸಿಕ್ಕಿಕೊಂಡವರು ಹೊರಗೆ ಕಾಲಿಡುವ ತನಕ ಫೋನು ಕೆಳಗಿಡುವಂತಿಲ್ಲ. ಅತ್ತವರಿದ್ದರು, ಹಾಡಿದವರಿದ್ದರು, ಅವರ ಏಳು ತಲೆಮಾರನ್ನು ಬೈದವರಿದ್ದರು. ಎಲ್ಲರಿಗೂ ಸರಿಸಾರ್ ಸರಿ ಎನ್ನುತ್ತಿದ್ದರು. ಬೈದು ಬೈದು ಸುಸ್ತಾದವರು ಕೊನೆಗೆ, ನಿಮ್ಮ ಊಟ ಆಯಿತಾ ಎಂದು ಕೇಳುವ ಹಂತಕ್ಕೆ ಬರುತ್ತಿದ್ದರು.

ಆ ಮೊಗ್ಗಿದ್ದದ್ದು ಒಂದು ಆರ್ಕಿಡ್ ಗಿಡದಲ್ಲಿ; ಅದೇ ಕಡ್ಡಿಯ ತುದಿಯಲ್ಲಿ ಕಾಳಿನಷ್ಟು ಸಣ್ಣ ಮೊಗ್ಗುಗಳು ಇನ್ನೂ ಕೆಲವು ಇದ್ದವು. ಹಿಂದಿನ ಮ್ಯಾನೇಜರ್ ನಿವೃತ್ತರಾದ ದಿನ ಯಾರೋ ಅದನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಅವರು ಹೂವನ್ನು ಬಾಯ್ತುಂಬ ಹೊಗಳಿ, ಕುಂಡವನ್ನು ಮರೆತು ಮನೆಗೆ ಹೋದರು. ಹೂವೆಲ್ಲ ಉದುರಿ ನಾಲ್ಕು ಎಲೆ, ಒಂದು ಒಣಕಡ್ಡಿ ಉಳಿದಾಗ ಗಿಡ ಕಸದ ಬುಟ್ಟಿಗೆ ಬಿತ್ತು. ಸರಿಸಾರ್ ಅದನ್ನು ಎತ್ತಿಕೊಂಡು ಮೊದಲು ಮನೆಗೇ ಒಯ್ದಿದ್ದರು. ಮನೆಯಲ್ಲಿದ್ದ ಒಂದೇ ಒಂದು ಕಿಟಕಿ ಪಕ್ಕದ ಮನೆಯ ಗೋಡೆಯನ್ನು ಮೂಗಿಗೆ ಮೂಗು ತಾಗಿಸಿ ನೋಡುತ್ತಿತ್ತು. ಎಲೆಗಳು ಹಳದಿಯಾದವು. ಹೆಂಡತಿ, ಇದು ಬದುಕೋದೂ ಇಲ್ಲ, ಸಾಯೋದೂ ಇಲ್ಲ, ನಿಮ್ಮ ಆಫೀಸಿನದೇ ಸ್ವಭಾವ, ಅಲ್ಲೇ ಇಡಿ ಎಂದರು. ಅದಕ್ಕೂ ಸರಿ ಎಂದು ಸರಿಸಾರ್ ವಾಪಸ್ ತಂದು ತಮ್ಮ ಮೇಜಿನ ಮೇಲಿಟ್ಟರು. ಆ ಮೇಜು ಇದ್ದದ್ದು ಆಫೀಸಿನ ಏಕೈಕ ಕಿಟಕಿಯ ಪಕ್ಕ. ಬೆಳಗಿನ ಬಿಸಿಲು ಅಲ್ಲಿಗೆ ಬೀಳುತ್ತಿತ್ತು.

ನರ್ಸರಿಯವನನ್ನು ಕಾಡಿ ಬೇಡಿ ಅವರು ವಿಷಯ ತಿಳಿದುಕೊಂಡರು. ಬಿಸಿಲು ನೇರವಾಗಿ ಬೀಳಬಾರದು, ಬೆಳಕು ಮಾತ್ರ ಧಾರಾಳವಾಗಿರಬೇಕು. ಅದಕ್ಕೆ ಕಿಟಕಿಯ ಗಾಜಿಗೆ ತೆಳುವಾದ ಬಿಳಿ ಕಾಗದ ಅಂಟಿಸಿದರು. ಬೇರು ಬೆಳ್ಳಗಾದರೆ ಬಾಯಾರಿಕೆ, ಹಸಿರಾಗಿದ್ದರೆ ಹೊಟ್ಟೆ ತುಂಬಿದೆ ಎಂದು ಅರ್ಥ. ಅದನ್ನು ನೋಡಿಯೇ ನೀರು ಹಾಕುತ್ತಿದ್ದರು. ರಾತ್ರಿ ಸ್ವಲ್ಪ ಚಳಿ ತಾಗದೆ ಹೂವಿನ ಕಡ್ಡಿ ಹೊರಡುವುದಿಲ್ಲ ಎಂದು ತಿಳಿದಾಗ, ಚಳಿಗಾಲವಿಡೀ ಮನೆಗೆ ಹೊರಡುವ ಮುನ್ನ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಟ್ಟು ಕಳ್ಳನ ಹಾಗೆ ಮೆಟ್ಟಿಲಿಳಿಯುತ್ತಿದ್ದರು. ಆಫೀಸಿನವರು ಆ ಗಿಡಕ್ಕೆ ಪಿಂಚಣಿ ಗಿಡ ಎಂದು ಹೆಸರಿಟ್ಟಿದ್ದರು. ಸರಿಸಾರ್ ನಿವೃತ್ತರಾದ ಮೇಲೆಯೇ ಅದು ಏನಾದರೂ ಕೊಟ್ಟರೆ ಕೊಟ್ಟೀತು ಎಂದು. ಸರಿಸಾರ್ ಅದಕ್ಕೂ ಸರಿ ಎಂದಿದ್ದರು. ಆದರೆ ಮನಸ್ಸಿನೊಳಗೆ ಮಾತ್ರ, ಇದು ಹೂ ಬಿಟ್ಟೇ ಬಿಡುತ್ತದೆ ಎಂದು ಹಟ ಹಿಡಿದಿದ್ದರು. ಇಷ್ಟು ವರ್ಷದ ಬಾಳಿನಲ್ಲಿ ಅವರಿಗೇ ಸ್ವಂತವಾಗಿದ್ದ ಅಭಿಪ್ರಾಯ ಅದೊಂದೇ.

ಅಂಥ ಮೊಗ್ಗು ಬಿರಿಯುತ್ತಿದ್ದ ಬೆಳಿಗ್ಗೆಯೇ ಹೊಸ ಮ್ಯಾನೇಜರ್ ಎಲ್ಲರನ್ನೂ ಚಪ್ಪಾಳೆ ತಟ್ಟಿ ಕರೆದರು. ವರ್ಷದಿಂದ ಖಾಲಿಯಿದ್ದ ಕುರ್ಚಿಗೆ ಅವರು ಬಂದು ಎರಡು ತಿಂಗಳಾಗಿತ್ತು. ನಡೆಯುವಾಗಲೂ ಕೋಣೆಯ ಉದ್ದಗಲ ಅಳೆಯುತ್ತಿರುವವರ ಹಾಗೆ ಕಾಣುತ್ತಿದ್ದರು. ಸಂಜೆ ಪ್ರಧಾನ ಕಚೇರಿಯಿಂದ ದೊಡ್ಡ ಮೇಡಂ ಬರುತ್ತಾರೆ ಎಂದು ಅವರು ಸಾರಿದರು. ದೊಡ್ಡ ಮೇಡಂ ಎಂದರೆ ಕಂಪನಿಯ ಒಡತಿ. ಅವರನ್ನು ಈ ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ, ಅವರ ದನಿಯನ್ನೂ ಕೇಳಿರಲಿಲ್ಲ. ಅವರ ಸಹಿಗೆ ಮಾತ್ರ ಎಲ್ಲರೂ ಹೆದರುತ್ತಿದ್ದರು. ಮೇಡಂ ಕೂರುವುದಕ್ಕೆ ಕಿಟಕಿಯ ಪಕ್ಕ ಸೋಫಾ ಬರಬೇಕು, ಅದರ ಪಕ್ಕ ಕಾಫಿ ಯಂತ್ರ ಬರಬೇಕು. ಆದ್ದರಿಂದ ಸರಿಸಾರ್, ಅವರ ಮೇಜು, ಫೋನು, ಆ ಹುಲ್ಲು, ಎಲ್ಲವೂ ಮಧ್ಯಾಹ್ನದೊಳಗೆ ಹಿಂದಿನ ಸಾಮಾನು ಕೋಣೆಗೆ ಹೋಗತಕ್ಕದ್ದು. ಸಾಮಾನು ಕೋಣೆಗೆ ಕಿಟಕಿಯಿರಲಿ, ಬಲ್ಬೂ ನೆಟ್ಟಗಿರಲಿಲ್ಲ.

“ಆಯ್ತಲ್ವಾ?” ಎಂದು ಮ್ಯಾನೇಜರ್ ಆಗಲೇ ತಮ್ಮ ಕೋಣೆಯ ಕಡೆ ತಿರುಗಿದ್ದರು. ಉತ್ತರ ಏನೆಂದು ಗೊತ್ತಿದ್ದ ಪ್ರಶ್ನೆ ಅದು.

“ಆಗಲ್ಲ ಸಾರ್.”

ಕ್ಯಾಷಿಯರಮ್ಮನ ಬೆರಳಿನಿಂದ ರಬ್ಬರ್ ಬ್ಯಾಂಡು ಚಟ್ಟನೆ ಹಾರಿ ಗಡಿಯಾರಕ್ಕೆ ಬಡಿಯಿತು. ಯಾರು ಹಾಗೆ ಹೇಳಿದ್ದು ಎಂದು ಸರಿಸಾರ್ ಕೂಡ ಒಮ್ಮೆ ಹಿಂತಿರುಗಿ ನೋಡಿದರು. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

“ಏನಂದ್ರಿ?” ಎಂದರು ಮ್ಯಾನೇಜರ್.

ಒಂದು ಸಲ ಹೊರಗೆ ಬಂದ ಮಾತು ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. “ಆಗಲ್ಲ ಅಂದೆ ಸಾರ್. ಮೊಗ್ಗು ಬಿರೀತಾ ಇದೆ. ಈ ಹೊತ್ತಲ್ಲಿ ಜಾಗ ಕದಲಿಸಿದ್ರೆ ಉದುರಿಹೋಗುತ್ತೆ. ಕುಂಡ ಒಂಚೂರು ತಿರುಗಿಸೋ ಹಾಗೂ ಇಲ್ಲ.”

ಮ್ಯಾನೇಜರ್ ಮೊಗ್ಗನ್ನು ನೋಡಿದರು, ಸರಿಸಾರ್ ಮುಖ ನೋಡಿದರು. ಎಲ್ಲರೆದುರು ಜಗಳಕ್ಕಿಳಿಯುವುದು ಅವರಿಗೆ ಶೋಭೆ ಎನಿಸಲಿಲ್ಲ. ನಕ್ಕು ದೊಡ್ಡಸ್ತಿಕೆ ತೋರಿಸಿದರು. ಮೇಡಂ ಬರುವಷ್ಟರಲ್ಲಿ ಅದು ಅರಳಿದರೆ ಗಿಡ ಅಲ್ಲೇ ಇರಲಿ; ಅರಳದಿದ್ದರೆ ಗಿಡ ಕಸದ ಬುಟ್ಟಿಗೆ, ನೀವು ಸಾಮಾನು ಕೋಣೆಗೆ ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಹೋದವರೇ ಎ.ಸಿ.ಯನ್ನು ಇನ್ನಷ್ಟು ಜೋರು ಮಾಡಿಸಿದರು.

ಎ.ಸಿ.ಯ ಗಾಳಿ ನೆಟ್ಟಗೆ ಮೊಗ್ಗಿನ ಮೇಲೆಯೇ ಬೀಸುತ್ತಿತ್ತು. ಒಣಗಾಳಿ ಬಡಿದರೂ ಮೊಗ್ಗು ಉಳಿಯುವುದಿಲ್ಲ. ಸರಿಸಾರ್ ತಮ್ಮ ಕಪ್ಪು ಕೊಡೆಯನ್ನು ಬಿಚ್ಚಿ, ಅದರ ಹಿಡಿಯನ್ನು ಮೇಜಿನ ಡ್ರಾಯರಿಗೆ ಸಿಕ್ಕಿಸಿ, ಗಿಡಕ್ಕೆ ಮರೆ ಮಾಡಿದರು. ಕೊಡೆಗೆ ಬಡಿದ ತಣ್ಣನೆ ಗಾಳಿ ತಿರುಗಿ ಹೋಗಿ ಕ್ಯಾಷಿಯರಮ್ಮನ ಕುತ್ತಿಗೆಗೆ ತಗುಲಿತು. ಅವರು ಸೆರಗನ್ನು ತಲೆತುಂಬ ಹೊದ್ದುಕೊಂಡು, ಒಂದು ಕಡ್ಡಿಗೋಸ್ಕರ ಮನುಷ್ಯರಿಗೆ ನೆಗಡಿ ತರಿಸೋದು ಯಾವ ನ್ಯಾಯ ಎಂದು ಗೊಣಗಿದರು.

ಕ್ಯಾಷಿಯರಮ್ಮ ಕೆಟ್ಟವರಲ್ಲ. ಅವರ ಮನೆಯ ತಾರಸಿಯ ಮೇಲೆ ಹತ್ತಾರು ಬಗೆಯ ಗಿಡಗಳಿದ್ದವು. ಆದ್ದರಿಂದ ಲೋಕದ ಯಾವ ಗಿಡದ ವಿಷಯದಲ್ಲೂ ತಮ್ಮ ಮಾತೇ ಕೊನೆಯದು ಎಂದು ಅವರು ನಂಬಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಎದ್ದು ಬಂದು ತಮ್ಮ ಲೋಟದಲ್ಲಿ ಉಳಿದಿದ್ದ ಟೀಯನ್ನು ಗಸಿಯ ಸಮೇತ ಕುಂಡಕ್ಕೆ ಸುರಿಯಲು ಹೊರಟರು. ಸರಿಸಾರ್ ಅಂಗೈ ಅಡ್ಡ ಹಿಡಿದರು. ಟೀ ಅವರ ಅಂಗಿಯ ತೋಳಿನೊಳಗೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು.

“ನನ್ನ ಗುಲಾಬಿಗೆ ದಿನಾ ಹಾಕ್ತೀನಿ. ಏನಾಗಿದೆ ಅದಕ್ಕೆ?” ಎಂದರು ಕ್ಯಾಷಿಯರಮ್ಮ.

“ಇದು ಟೀ ಕುಡಿಯಲ್ಲ ಮೇಡಂ. ಇನ್ನೊಂದು ವಿಷಯ. ನಿಮ್ಮ ಬಾಳೆಹಣ್ಣು ದಯವಿಟ್ಟು ಬೇರೆ ಕಡೆ ಇಡಬೇಕು.”

ಕ್ಯಾಷಿಯರಮ್ಮನ ಮಧ್ಯಾಹ್ನದ ಊಟವೇ ಬಾಳೆಹಣ್ಣು. ಒಂದು ಚಿಪ್ಪು ಅವರ ಮೇಜಿನ ತುದಿಯಲ್ಲಿ ಸದಾ ಕಾವಲು ಕೂತಿರುತ್ತಿತ್ತು. ಮಾಗಿದ ಹಣ್ಣಿನಿಂದ ಹೊರಡುವ ಗಾಳಿ ತಾಗಿದರೆ ಆರ್ಕಿಡ್ ಮೊಗ್ಗು ಉದುರುತ್ತದೆ ಎಂದು ಸರಿಸಾರ್ ಎಷ್ಟು ವಿನಯದಿಂದ ವಿವರಿಸಿದರೂ, ಅದು ಅವರಿಗೆ ತಮ್ಮನ್ನೇ ಅಂದ ಹಾಗೆ ಕೇಳಿಸಿತು. ಇಷ್ಟು ವರ್ಷ ಪಕ್ಕದಲ್ಲಿ ಕೂತವಳು ಈಗ ನಾತವಾದೆನಾ ಎಂದರು. ನಾತವಲ್ಲ, ಗಾಳಿ ಎಂದರು ಸರಿಸಾರ್. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಕೊನೆಗೆ ಸರಿಸಾರ್ ತಾವೇ ಚಿಪ್ಪನ್ನು ಎತ್ತಿಕೊಂಡು ಹೋಗಿ ಮೆಟ್ಟಿಲಿನ ಹತ್ತಿರದ ಬೆಂಕಿ ಆರಿಸುವ ಕೆಂಪು ಬಕೆಟ್ಟಿನ ಮೇಲಿಟ್ಟು ಬಂದರು. ಕ್ಯಾಷಿಯರಮ್ಮ ಅವರ ಬೆನ್ನಿಗೇ ಹೋಗಿ ಅದನ್ನು ವಾಪಸ್ ತಂದರು. ಸರಿಸಾರ್ ಮತ್ತೆ ಇಟ್ಟು ಬಂದರು. ಈ ಮೆರವಣಿಗೆ ನಾಲ್ಕು ಸಲ ನಡೆದ ಮೇಲೆ ಕ್ಯಾಷಿಯರಮ್ಮ ಹಟಕ್ಕೆ ಬಿದ್ದು, ಇಡೀ ಚಿಪ್ಪನ್ನು ಒಂದೇ ಸಮ ಸುಲಿದು ತಿಂದು, ಈಗ ಹಣ್ಣು ನನ್ನ ಹೊಟ್ಟೆಯಲ್ಲಿದೆ, ಬೇಕಾದರೆ ನನ್ನನ್ನೂ ಬಕೆಟ್ಟಿನ ಮೇಲೆ ಕೂರಿಸಿ ಎಂದು ಕೂತರು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಕೈಗೆಲ್ಲ ಗ್ರೀಸು, ಬೆನ್ನಿಗೆ ಸಲಕರಣೆ ಚೀಲ. ಪಂದ್ಯದ ಸುದ್ದಿ ಅವನಿಗೆ ಕೆಳಗೇ ಸಿಕ್ಕಿತ್ತು. ಅವನು ಸರಿಸಾರ್ ಪಕ್ಷ. ಮೊಗ್ಗನ್ನು ಒಂದು ಕಣ್ಣು ಮುಚ್ಚಿ ಪರೀಕ್ಷಿಸಿ, ಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದ.

“ಬಾಗಿಲು ಅರ್ಧ ಬಿಟ್ಟಿದೆ ಸಾರ್. ಸ್ವಲ್ಪ ಮೀಟಿದ್ರೆ ಪೂರ್ತಿ ಬಿಡುತ್ತೆ.”

ಸರಿಸಾರ್ ಅವನ ಮಣಿಕಟ್ಟು ಹಿಡಿದುಕೊಂಡರು. ಮೀಟುವ ಬಾಗಿಲು ಇದಲ್ಲ, ತಾನಾಗಿ ತೆರೆದರೇ ಚಂದ ಎಂದು ಬುದ್ಧಿ ಹೇಳಿದರು. ಅವನು ಬೇಸರಪಟ್ಟುಕೊಳ್ಳದೆ ಕೆಲಸದ ದೀಪ ಹಚ್ಚಿ ಮೊಗ್ಗಿನ ಮೇಲೆ ಹಿಡಿದ. ಬಿಸಿ ತಾಗುತ್ತದೆ, ದೂರ ಹಿಡಿ ಎಂದರೆ ದೂರ ಹಿಡಿದ. ಇನ್ನೂ ದೂರ ಎಂದರೆ ಕುರ್ಚಿ ಹತ್ತಿ ನಿಂತ. ಕೊಡೆ, ದೀಪ, ಕುರ್ಚಿ ಹತ್ತಿದ ಮನುಷ್ಯ, ಇದನ್ನೆಲ್ಲ ನೋಡಿದರೆ ಅಲ್ಲಿ ಯಾರಿಗೋ ಶಸ್ತ್ರಚಿಕಿತ್ಸೆ ನಡೆಯುತ್ತಿದೆ ಎನ್ನಬೇಕು.

ನಡುವೆ ಹೆಂಡತಿಯ ಫೋನು ಬಂತು. ಕ್ಯಾಷಿಯರಮ್ಮ ಸುಮ್ಮನಿರದೆ ಸುದ್ದಿ ಮುಟ್ಟಿಸಿದ್ದರು.

“ಮ್ಯಾನೇಜರ್‌ಗೆ ಆಗಲ್ಲ ಅಂದ್ರಂತೆ. ನೀವೇನಾ?”

“ನಾನೇ ಕಣೇ.”

ಹೆಂಡತಿ ತಗ್ಗಿದ ದನಿಯಲ್ಲಿ, ಆಡಿದ ಮಾತು ಹಿಂದೆ ತೆಗೆದುಕೊಳ್ಳಬೇಡಿ, ಹಾಗೇ ಗಟ್ಟಿಯಾಗಿ ನಿಂತುಕೊಳ್ಳಿ ಎಂದರು. ಸರಿಸಾರ್ ಎದೆ ಉಬ್ಬಿತು. “ಆದ್ರೆ ಅದನ್ನ ಮನೇಲಿ ಅಭ್ಯಾಸ ಮಾಡ್ಕೋಬೇಡಿ” ಎಂದು ಸೇರಿಸಿ ಹೆಂಡತಿ ಫೋನು ಇಟ್ಟರು.

ಮಧ್ಯಾಹ್ನ ಕಳೆಯಿತು. ಬಿರುಕು ಈಗ ಗೋಧಿ ಕಾಳಿನಷ್ಟು ಅಗಲವಾಗಿತ್ತು, ಅದಕ್ಕಿಂತ ಮುಂದೆ ಹೋಗಲು ಮೊಗ್ಗು ಮನಸ್ಸು ಮಾಡುತ್ತಿರಲಿಲ್ಲ. ಮ್ಯಾನೇಜರ್ ಹೊಸ ಟೈ ಕಟ್ಟಿಕೊಂಡು, ಒಂದು ತೋಳು ತುಂಬುವ ಹೂಗುಚ್ಛ ಹಿಡಿದು, ಮೇಡಂ ಅವರನ್ನು ಎದುರುಗೊಳ್ಳಲು ಕೆಳಗೆ ಗೇಟಿನ ಬಳಿ ನಿಂತರು. ಹೋಗುವಾಗ ಮೊಗ್ಗಿನ ಕಡೆ ನೋಡಿ ನಾಲಗೆಯಿಂದ ಚ್ ಚ್ ಎಂದು ಸದ್ದು ಮಾಡಿದರು.

ಅವರು ಹೋದ ಸ್ವಲ್ಪ ಹೊತ್ತಿಗೆ ದೂರಿನ ಫೋನು ಬಡಿದುಕೊಂಡಿತು. ಯಾವ ಲಿಫ್ಟು ಎಂದು ತೋರಿಸುವ ಫಲಕದ ಮೇಲೆ ಕೆಂಪು ದೀಪ ಹೊತ್ತಿದ್ದನ್ನು ನೋಡಿ ಸರಿಸಾರ್‌ಗೆ ನಾಚಿಕೆಯಾಯಿತು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಕಂಪನಿಯ ಸ್ವಂತ ಕಟ್ಟಡದ ಲಿಫ್ಟೇ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತ್ತು. ಒಳಗಿದ್ದದ್ದು ಒಬ್ಬ ಹೆಂಗಸು. ವಯಸ್ಸಾದ ದನಿ. ಕಾರನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿ ನಿಮ್ಮ ಆಫೀಸಿಗೇ ಬರುತ್ತಿದ್ದೆ, ಸ್ವಲ್ಪ ವಿಚಾರಿಸೋದಿತ್ತು ಎಂದರು. ದೂರು ಕೊಡಲು ಬರುತ್ತಿದ್ದವರೇ ದೂರಾಗಿ ಕೂತರಲ್ಲ ಎಂದು ಸರಿಸಾರ್ ಪೇಚಾಡಿಕೊಂಡರು.

ಇಂಥ ಹೊತ್ತಿನಲ್ಲಿ ಇಬ್ಬರು ಬೇಕು. ಒಬ್ಬ ತಾರಸಿಯ ಮೇಲಿನ ಮೋಟಾರು ಕೋಣೆಗೆ ಹೋಗಿ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಮೇಲೆತ್ತಬೇಕು, ಇನ್ನೊಬ್ಬರು ಮಹಡಿಯ ಬಾಗಿಲ ಬಳಿ ನಿಂತು ಸಾಕು ಎಂದು ಕೂಗಬೇಕು. ಮೆಕ್ಯಾನಿಕ್ ದೀಪ ಆರಿಸಿ ಕುರ್ಚಿಯಿಂದ ಹಾರಿದ. ಬೇರೆ ಮೆಕ್ಯಾನಿಕ್‌ಗಳೆಲ್ಲ ಊರು ಸುತ್ತುತ್ತಿದ್ದರು. ಸರಿಸಾರ್ ಫೋನು ಬಿಡುವಂತಿರಲಿಲ್ಲ. ಉಳಿದವರು ಕ್ಯಾಷಿಯರಮ್ಮ ಒಬ್ಬರೇ. ಹೊಟ್ಟೆ ಭಾರ ಎಂದು ನರಳುತ್ತಾ ಅವರು ಮೂರನೇ ಮಹಡಿಗೆ ಇಳಿದರು.

ಸರಿಸಾರ್ ಒಬ್ಬರೇ ಉಳಿದರು. ಕಿವಿಯಲ್ಲಿ ಫೋನು, ಕಣ್ಣು ಮೊಗ್ಗಿನ ಮೇಲೆ. ಹೆಂಗಸಿನ ಉಸಿರು ಬಿರುಸಾಗಿತ್ತು.

“ಏನೂ ಹೆದರಬೇಡಿ. ಅಲ್ಲಾಡಬೇಡಿ. ಬಲವಂತ ಮಾಡಿದ್ರೆ ಉದುರಿಬಿಡ್ತೀರಿ” ಎಂದರು ಸರಿಸಾರ್.

“ಉದುರ್ತೀನಾ?” ಆ ಕಡೆಯ ದನಿ ಕೀರಲಾಯಿತು.

“ಅಯ್ಯೋ, ನೀವಲ್ಲ. ಇಲ್ಲೊಂದು ಮೊಗ್ಗಿದೆ. ಅದಕ್ಕೆ ಹೇಳೋ ಮಾತು ನಿಮಗೆ ಹೇಳಿಬಿಟ್ಟೆ. ನೀವು ಉದುರಲ್ಲ. ನಿಮ್ಮನ್ನ ಹಿಡ್ಕೊಂಡಿರೋದು ಉಕ್ಕಿನ ಹಗ್ಗ.”

ಯಾವ ಮೊಗ್ಗು ಎಂದು ಹೆಂಗಸು ಕೇಳಿದರು. ಸಿಕ್ಕಿಕೊಂಡವರ ಮನಸ್ಸನ್ನು ಬೇರೆ ಕಡೆ ತಿರುಗಿಸುವುದು ಸರಿಸಾರ್ ಕೆಲಸವೇ ಆಗಿತ್ತು. ಅವರು ಕಸದ ಬುಟ್ಟಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದರು. ಬೇರಿನ ಬಣ್ಣ, ಚಳಿಗಾಲದ ಕಿಟಕಿ, ಕ್ಯಾಷಿಯರಮ್ಮನ ಬಾಳೆಹಣ್ಣು, ಯಾವುದನ್ನೂ ಬಿಡಲಿಲ್ಲ. ಮ್ಯಾನೇಜರ್ ಮನುಷ್ಯ ಒಳ್ಳೆಯವರೇ, ಆದರೆ ಯಾರು ಹತ್ತಿದ್ದಾರೆಂದು ನೋಡದೆ ಮೇಲೆ ಕೆಳಗೆ ಓಡಾಡುವ ಲಿಫ್ಟಿನ ಹಾಗೆ ಎಂದೂ ಹೇಳಿದರು. ಹೆಂಗಸು ನಕ್ಕರು. ಉಸಿರು ಹಿಡಿತಕ್ಕೆ ಬಂತು. ಈಗ ಎಷ್ಟು ತೆರೆದಿದೆ ಎಂದು ವಿಚಾರಿಸತೊಡಗಿದರು.

ಆಗ ಇಬ್ಬರು ಆಳುಗಳು ಒಳಗೆ ಬಂದರು. ಸೋಫಾ ತಂದವರು. ಕೆಳಗೆ ಮ್ಯಾನೇಜರ್ ಅವರಿಗೆ, ಗಿಡವನ್ನು ಮುಟ್ಟಬೇಡಿ, ಮಾತು ಕೊಟ್ಟಿದ್ದೇನೆ, ಅದರ ಕೆಳಗಿನ ಮೇಜನ್ನು ಮಾತ್ರ ಎತ್ತಿಕೊಂಡು ಹೋಗಿ ಎಂದು ಅಪ್ಪಣೆ ಮಾಡಿದ್ದರು. ಆಳುಗಳು ಮೇಜಿನ ಎರಡು ಕಡೆ ನಿಂತು ಅಂಗೈಗೆ ಉಫ್ ಎಂದು ಊದಿಕೊಂಡರು.

ಫೋನಿನ ತಂತಿ ಗಿಡ್ಡ. ಸರಿಸಾರ್ ಅತ್ತ ಓಡುವಂತಿಲ್ಲ, ಇತ್ತ ಫೋನು ಇಡುವಂತಿಲ್ಲ. ಅವರು ಒಂದು ಕ್ಷಣ ಯೋಚಿಸಿ, ಚಪ್ಪಲಿ ಕಳಚಿಟ್ಟು, ಮೇಜಿನ ಮೇಲೆ ಹತ್ತಿ, ಗಿಡದ ಪಕ್ಕದಲ್ಲಿ ಕೊಡೆಯ ಕೆಳಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟರು.

“ಇಳೀರಿ ಸಾರ್, ಮೇಜು ತಗೊಂಡು ಹೋಗ್ಬೇಕು” ಎಂದ ಆಳುಗಳಲ್ಲಿ ಹಿರಿಯ.

“ಆಗಲ್ಲ. ಎತ್ತೋದಾದ್ರೆ ನನ್ನನ್ನೂ ಸೇರಿಸಿ ಎತ್ತಿ.”

ಆಳುಗಳು ಸರಿಸಾರ್ ಮೈಕಟ್ಟನ್ನು ಮೇಲಿಂದ ಕೆಳಗೆ ಅಂದಾಜು ಮಾಡಿದರು. ಫೋನಿನಲ್ಲಿ ಹೆಂಗಸು, ಅಲ್ಲೇನು ಗಲಾಟೆ ಎಂದರು. ಸರಿಸಾರ್ ವಿವರಿಸಿದರು.

“ನೀವು ಇಳೀಬೇಡಿ” ಎಂದಿತು ಆ ದನಿ, ತಾನೇ ಅಲ್ಲಿ ನಿಂತು ಅಪ್ಪಣೆ ಕೊಡುತ್ತಿರುವಷ್ಟು ಬಿಗಿಯಾಗಿ.

“ಇಳಿಯಲ್ಲ ಮೇಡಂ. ನೀವೂ ಧೈರ್ಯವಾಗಿರಿ.”

ಹಿರಿಯ ಆಳು ಕೈ ಕೆಳಗಿಟ್ಟ. ಈ ಮನುಷ್ಯ ಇಷ್ಟು ಹಟ ಹಿಡಿದಿರುವ ವಸ್ತು ಏನೆಂದು ನೋಡಲು ಇಬ್ಬರೂ ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಮೊಗ್ಗಿನ ಒಂದು ಎಸಳು ನಿಧಾನವಾಗಿ, ನಿದ್ದೆಯಿಂದ ಎದ್ದವರು ಕೈ ಚಾಚಿದ ಹಾಗೆ, ಹಿಂದಕ್ಕೆ ಸರಿಯುತ್ತಿತ್ತು. ಅದರ ಬೆನ್ನಿಗೆ ಇನ್ನೊಂದು.

“ಏನಾಯ್ತು? ಹೇಳ್ರೀ” ಎಂದರು ಫೋನಿನ ಹೆಂಗಸು.

“ತೆರೀತಾ ಇದೆ ಮೇಡಂ. ಎರಡು ಎಸಳು ಬಿಟ್ಟಿದೆ.”

“ಇಲ್ಲೂ ಏನೋ ಅಲ್ಲಾಡ್ತಿದೆ.”

ಲಿಫ್ಟು ಮೇಲೆ ಸರಿಯತೊಡಗಿತ್ತು. ಮೆಟ್ಟಿಲ ಕಡೆಯಿಂದ ಕ್ಯಾಷಿಯರಮ್ಮ ಸಾಕು, ಸಾಕು ಎಂದು ಕೂಗಿದ್ದು ಕೇಳಿಸಿತು. ಸಿಕ್ಕಿಕೊಂಡವರು ಹೊರಗೆ ಕಾಲಿಟ್ಟ ಸದ್ದು ಕೇಳಿದ ಮೇಲೆಯೇ ಸರಿಸಾರ್ ಫೋನು ಇಟ್ಟರು. ಆ ಹೊತ್ತಿಗೆ ಹೂವು ಪೂರ್ತಿ ಅರಳಿತ್ತು. ಅಂಗೈಯಗಲದ, ತಿಳಿನೇರಳೆ ಗೆರೆಗಳ, ರೆಕ್ಕೆ ಬಿಚ್ಚಿ ಕೂತ ಪತಂಗದಂಥ ಹೂವು. ಸರಿಸಾರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಿರಿಯ ಆಳೂ ಸೊರಸೊರ ಎಂದು ಮೂಗು ಎಳೆದುಕೊಂಡ.

ಮೊದಲು ಓಡಿ ಬಂದವರು ಮ್ಯಾನೇಜರ್. ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದಾರೆಂಬ ಸುದ್ದಿ ಗೇಟಿಗೆ ಮುಟ್ಟಿತ್ತು. ಹೂಗುಚ್ಛ ಹಿಡಿದು ನಾಲ್ಕು ಮಹಡಿ ಹತ್ತಿ ಬಂದ ಅವರ ಟೈ ಬೆನ್ನಿಗೆ ಹೋಗಿತ್ತು. ಒಳಗೆ ನೋಡಿದರೆ ದೂರು ವಿಭಾಗದ ಹಿರಿಯ ಗುಮಾಸ್ತರು ಮೇಜಿನ ಮೇಲೆ ಕೊಡೆಯಡಿ ಪದ್ಮಾಸನ ಹಾಕಿದ್ದಾರೆ, ಎರಡೂ ಕಡೆ ಇಬ್ಬರು ಕೈಕಟ್ಟಿ ನಿಂತಿದ್ದಾರೆ.

“ಇಳೀರಿ ಕೆಳಗೆ. ಮೇಡಂ ಯಾವ ಕ್ಷಣದಲ್ಲಾದ್ರೂ ಬರ್ತಾರೆ.”

“ಬಂದಾಯ್ತು” ಎಂದಿತು ಅವರ ಹಿಂದಿನಿಂದ ಒಂದು ದನಿ.

ಬಾಗಿಲಲ್ಲಿ ಕುಳ್ಳಗಿನ, ಬಿಳಿ ಕೂದಲಿನ ಹೆಂಗಸೊಬ್ಬರು ನಿಂತಿದ್ದರು. ಅವರ ಹಿಂದೆ ಕ್ಯಾಷಿಯರಮ್ಮ ಮತ್ತು ಮೆಕ್ಯಾನಿಕ್. ಇವರು ಯಾರೆಂದು ಮೆಟ್ಟಿಲಲ್ಲಿ ತಿಳಿದುಕೊಂಡಿದ್ದ ಕ್ಯಾಷಿಯರಮ್ಮ ಸರಿಸಾರ್‌ಗೆ ಕಣ್ಣಲ್ಲೇ ಸನ್ನೆ ಮಾಡಿದರು. ಸರಿಸಾರ್‌ಗೆ ಸನ್ನೆ ಬೇಕಾಗಿರಲಿಲ್ಲ. ಆ ದನಿ ಸಾಕಾಗಿತ್ತು. ಫೋನಿನಲ್ಲಿ ಮ್ಯಾನೇಜರನ್ನು ಯಾವುದಕ್ಕೆ ಹೋಲಿಸಿದ್ದೆನೆಂದು ನೆನಪಾಗಿ ಅವರ ಅಂಗಾಲು ತಣ್ಣಗಾಯಿತು. ಆದರೂ ಅವರು ಮೇಜಿನಿಂದ ಇಳಿಯಲಿಲ್ಲ.

ಮೇಡಂ ಹೂಗುಚ್ಛದ ಕಡೆ ತಿರುಗಿಯೂ ನೋಡದೆ ಕಿಟಕಿಯ ಬಳಿಗೆ ಬಂದರು. ಕೊಡೆಯೊಳಗೆ ತಲೆ ಹಾಕಿ ಬಹಳ ಹೊತ್ತು ಹೂವನ್ನು ನೋಡಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ಈ ಗಿಡ ಇಲ್ಲಿಂದ ಕದಲಬಾರದು ಎಂದರು. ಮ್ಯಾನೇಜರ್ ಬಾಯಿಂದ ಬಂದ ಉತ್ತರ ಆಫೀಸಿನಲ್ಲಿ ಎಲ್ಲರಿಗೂ ಪರಿಚಿತವಾದದ್ದೇ, ಆದರೆ ಬೇರೆ ಬಾಯಿಂದ: ಸರಿ ಮೇಡಂ. ಮೆಕ್ಯಾನಿಕ್ ಗ್ರೀಸಿನ ಕೈಯಲ್ಲಿ ಚಪ್ಪಾಳೆ ತಟ್ಟಿದ. ಕ್ಯಾಷಿಯರಮ್ಮ ಕೂಡ, ನನ್ನ ಸಲಹೆ ಕೇಳದಿದ್ದರೂ ಬಿಟ್ಟಿತಲ್ಲ ಎಂದು ಮೆಚ್ಚಿಕೊಂಡರು. ಸರಿಸಾರ್ ಮೇಜಿನಿಂದ ಇಳಿದಾಗ ಅವರು ಹತ್ತಿದಾಗಿನ ಮನುಷ್ಯನಾಗಿರಲಿಲ್ಲ. ಒಂದು ಗೇಣು ಎತ್ತರವಾಗಿದ್ದರು.

“ನಾನು ಐವತ್ತು ಆಫೀಸು ನೋಡಿದ್ದೀನಿ” ಎಂದರು ಮೇಡಂ. “ಎಲ್ಲ ಕಡೆ ಫೋನು ಎತ್ತಿದವರು ಐದೇ ನಿಮಿಷ ಮೇಡಂ, ಬಂದ್ರು ಮೇಡಂ ಅಂತಾರೆ. ನೀವು ನನ್ನ ಭಯಾನೇ ಮರೆಸಿಬಿಟ್ರಿ. ನಿಮ್ಮಂಥವರು ಇಲ್ಲಿರಬಾರದು. ಪ್ರಧಾನ ಕಚೇರೀಲಿ ಹೊಸ ಕಂಟ್ರೋಲ್ ರೂಂ ಆಗಿದೆ. ಎಲ್ಲ ಊರಿನ ಫೋನೂ ಅಲ್ಲಿಗೇ ಬರುತ್ತೆ. ಸೋಮವಾರದಿಂದ ನೀವು ಅದರ ಮುಖ್ಯಸ್ಥರು.”

ಸರಿಸಾರ್ ಹೂವನ್ನು ನೋಡಿದರು. “ಆಗಲ್ಲ ಮೇಡಂ” ಎಂದರು.

ಮೇಡಂ ಮುಖ ಅರಳಿತು. ಅವರು ಮ್ಯಾನೇಜರ್ ಭುಜ ತಟ್ಟಿ, ನೋಡಿ, ನನ್ನ ಮುಖಕ್ಕೇ ಆಗಲ್ಲ ಅನ್ನೋ ಒಬ್ಬ ಮನುಷ್ಯನಿಗಾಗಿ ಎಷ್ಟು ವರ್ಷದಿಂದ ಹುಡುಕುತ್ತಿದ್ದೇನೆ, ಅಲ್ಲಿರುವವರೆಲ್ಲ ತಲೆಯಾಡಿಸುವವರು ಎಂದರು.

ಈ ಗಿಡವನ್ನು ಬಿಟ್ಟು ಬರುವುದಕ್ಕೆ ಆಗುವುದಿಲ್ಲ ಎಂದು ಸರಿಸಾರ್ ಇನ್ನಷ್ಟು ಗಟ್ಟಿಯಾಗಿ ಹೇಳಿದರು.

“ಬಿಟ್ಟೇ ಬರ್ಬೇಕು. ಕದಲಿಸಿದ್ರೆ ಉದುರುತ್ತೆ ಅಂತ ನೀವೇ ಹೇಳಿದ್ರಲ್ಲ. ಇನ್ನೂ ಎಷ್ಟು ಮೊಗ್ಗಿದೆ ನೋಡಿ. ಅದು ಇಲ್ಲೇ ಇರಲಿ.”

ಸರಿಸಾರ್ ಕೊನೆಯ ಪ್ರಯತ್ನವಾಗಿ, ಅಲ್ಲಿ ಹೊಸದೊಂದು ಗಿಡ ಬೆಳೆಸುವುದಕ್ಕಾದರೂ ಕಿಟಕಿ ಇದೆಯಾ ಎಂದು ಕೇಳಿದರು. ಕಂಟ್ರೋಲ್ ರೂಂ ನೆಲದಡಿಯ ಎರಡನೇ ಅಂತಸ್ತಿನಲ್ಲಿದೆ, ಹೊರಗಿನ ಸದ್ದು ಬರಬಾರದಲ್ಲ ಎಂದು ಮೇಡಂ ಹೆಮ್ಮೆಯಿಂದ ಉತ್ತರಿಸಿದರು. ಹಾಗಾದರೆ ಖಂಡಿತ ಆಗಲ್ಲ ಎಂದರು ಸರಿಸಾರ್. ಮೇಡಂ ಅವರ ಎರಡೂ ಕೈ ಹಿಡಿದು ಕುಲುಕಿ, ಇದೇ ದನಿಯಲ್ಲಿ ಅಲ್ಲೂ ಮಾತಾಡಬೇಕು ಎಂದು ಹೇಳಿ, ಮೆಟ್ಟಿಲಿಳಿದು ಹೊರಟೇಹೋದರು.

ಹೆಂಡತಿಗೆ ಫೋನು ಮಾಡಿದಾಗ ಮೊದಲ ಗಂಟೆಗೇ ಎತ್ತಿದರು. “ಗಟ್ಟಿಯಾಗಿ ಆಗಲ್ಲ ಅಂದ್ರಾ?”

“ಮೂರು ಸಲ ಅಂದೆ.”

“ಏನಾಯ್ತು?”

“ಬಡ್ತಿ ಆಯ್ತು” ಎಂದರು ಸರಿಸಾರ್, ಮನೆಯಲ್ಲಿ ಯಾರೋ ಹೋಗಿಬಿಟ್ಟರು ಎನ್ನುವ ದನಿಯಲ್ಲಿ.

ಆಫೀಸು ಖಾಲಿಯಾಗುತ್ತಾ ಬಂತು. ಆಳುಗಳು ಸೋಫಾವನ್ನು ಕಿಟಕಿಯ ಎದುರು, ಹೂವು ಚೆನ್ನಾಗಿ ಕಾಣುವ ಹಾಗೆ ಇಟ್ಟು ಹೋದರು. ಸರಿಸಾರ್ ಕೊಡೆ ಮಡಚಿ, ಕೊನೆಯದಾಗಿ ಒಮ್ಮೆ ಹೂವಿನ ಹತ್ತಿರಕ್ಕೆ ಬಗ್ಗಿದರು. ಆಗ ಮ್ಯಾನೇಜರ್ ಸೋಫಾದಿಂದ ಎದ್ದು ಓಡಿ ಬಂದು ನಡುವೆ ಕೈ ಅಡ್ಡ ಹಿಡಿದರು. ಅರ್ಧ ಗಂಟೆಯಿಂದ ಅವರು ಮೊಬೈಲಿನಲ್ಲಿ ಆರ್ಕಿಡ್ ವಿಷಯವನ್ನೇ ಓದುತ್ತಿದ್ದರು.

“ಅಷ್ಟು ಹತ್ತಿರ ಹೋಗ್ಬೇಡಿ ಸಾರ್. ನಿಮಗೆ ಗೊತ್ತಾಗಲ್ಲ, ಇದು ತುಂಬಾ ಸೂಕ್ಷ್ಮದ ಗಿಡ. ಉಸಿರು ತಾಗುತ್ತೆ.”

ಸರಿಸಾರ್ ಕದಲಲಿಲ್ಲ. ಮ್ಯಾನೇಜರ್ ಮುಖವನ್ನೇ ನೋಡುತ್ತಾ, ಎದೆ ತುಂಬ ಗಾಳಿ ಎಳೆದುಕೊಂಡು, ಹೂವಿನ ಮೇಲೆ ನಿಧಾನವಾಗಿ, ಉದ್ದವಾಗಿ, ಪೂರ್ತಿ ಉಸಿರು ಬಿಟ್ಟರು.